ಕಾಣದ ಅನಿಲ ಬಿಟ್ಟ ಗುರುತು

ನಮ್ಮ ಕ್ಷೀರಪಥದಲ್ಲಿ ವರ್ಷಕ್ಕೆ ಸುಮಾರು ಒಂದೆರಡು ಸೂರ್ಯರಷ್ಟು ಅನಿಲ ಹೊಸ ನಕ್ಷತ್ರಗಳಾಗುತ್ತದೆ. ಒಳಗಿರುವ ದಾಸ್ತಾನು ನೋಡಿದರೆ, ಹೀಗೇ ಖರ್ಚು ಮಾಡುತ್ತಾ ಹೋದರೆ ಕೆಲವು ನೂರು ಕೋಟಿ ವರ್ಷಗಳಲ್ಲಿ ಎಲ್ಲ ಖಾಲಿಯಾಗಬೇಕು. ಆದರೆ ಕ್ಷೀರಪಥದ ವಯಸ್ಸು ಸಾವಿರ ಕೋಟಿ ವರ್ಷಕ್ಕೂ ಜಾಸ್ತಿ. ಅಂದಮೇಲೆ ಹೊರಗಿಂದ ಅನಿಲ ಬರುತ್ತಲೇ ಇರಬೇಕು, ಅಲ್ವಾ?

ಗ್ಯಾಲಕ್ಸಿಗಳ ಸುತ್ತ ಲಕ್ಷಾಂತರ ಜ್ಯೋತಿರ್ವರ್ಷ ದೂರದವರೆಗೆ ಅನಿಲ ಹಬ್ಬಿದೆ. ಆದರೆ ಅದು ವಿಪರೀತ ತೆಳು. ಹೊರ ಅಂಚಿನಲ್ಲಿ ಒಂದೇ ಒಂದು ಪರಮಾಣು ಸಿಗಬೇಕಾದರೂ ಹತ್ತಾರು ಲೀಟರ್ ಜಾಗ ಜಾಲಾಡಬೇಕು. ಇಂಥ ಅನಿಲ ಹೊಳೆಯುವುದು ಅಷ್ಟಕ್ಕಷ್ಟೆ. ಫೋಟೊ ತೆಗೆದರೆ ಸುಮ್ನೆ ಕತ್ತಲೆ.

ಹಾಗಾಗಿ ಖಗೋಳ ವಿಜ್ಞಾನಿಗಳು ಅದರ ಹಿಂದಿರುವ ದೀಪವನ್ನು ನೋಡುತ್ತಾರೆ. ದೀಪ ಎಂದರೆ ಕ್ವೇಸಾರ್, ಬಹಳ ದೂರದಲ್ಲಿ ಧಗಧಗಿಸುವ ಗ್ಯಾಲಕ್ಸಿಯೊಂದರ ನಡುಭಾಗ. ಅದರ ಬೆಳಕು ನಮ್ಮತ್ತ ಬರುವಾಗ ದಾರಿಯಲ್ಲಿ ಸಿಕ್ಕ ಅನಿಲ ತನಗೆ ಬೇಕಾದ ಬಣ್ಣಗಳನ್ನಷ್ಟೇ ಹೀರಿಕೊಳ್ಳುತ್ತದೆ. ಬಂದ ಬೆಳಕನ್ನು ಬಿಡಿಸಿ ಗ್ರಾಫ್ ಹಾಕಿದರೆ ಆ ಜಾಗಗಳಲ್ಲಿ ಗುಂಡಿ ಬಿದ್ದಿರುತ್ತದೆ.

ಜಲಜನಕದ ಮುಖ್ಯ ಗುಂಡಿ 121.6 ನ್ಯಾನೋಮೀಟರ್ ತರಂಗಾಂತರದ ಹತ್ತಿರ. ಎಂಟು ಎಲೆಕ್ಟ್ರಾನುಗಳಲ್ಲಿ ಐದನ್ನು ಕಳೆದುಕೊಂಡ ಆಮ್ಲಜನಕದ್ದು 103.2 ಮತ್ತು 103.8ರಲ್ಲಿ, ಯಾವಾಗಲೂ ಜೋಡಿ. ಸಾಮಾನ್ಯವಾಗಿ ಮೊದಲನೆಯದು ಎರಡನೆಯದಕ್ಕಿಂತ ಆಳ. ಗ್ರಾಫ್ ತುಂಬ ಅಂಕುಡೊಂಕು ಇದ್ದರೂ ಈ ಅವಳಿ ಸಿಕ್ಕಿತೆಂದರೆ ಕಳ್ಳ ಸಿಕ್ಕ ಹಾಗೆ.

ತೊಂದರೆ ಏನೆಂದರೆ, ಇವೆಲ್ಲ ನೇರಳಾತೀತ ಕಿರಣಗಳು. ನಮ್ಮ ವಾತಾವರಣ ಅವನ್ನು ನೆಲಕ್ಕೆ ಬಿಡುವುದಿಲ್ಲ. ಇಲ್ಲೊಂದು ತಮಾಷೆಯಿದೆ. ತೀರಾ ದೂರದ ಗ್ಯಾಲಕ್ಸಿಗಳ ಬೆಳಕು ವಿಶ್ವ ಹಿಗ್ಗುವುದರಿಂದ ತಾನೂ ಹಿಗ್ಗಿ, ಕಣ್ಣಿಗೆ ಕಾಣುವ ಬಣ್ಣಕ್ಕೆ ಬಂದುಬಿಡುತ್ತದೆ. ಅವುಗಳ ಅನಿಲವನ್ನು ನೆಲದ ಮೇಲಿನ ದೂರದರ್ಶಕದಿಂದಲೇ ಓದಬಹುದು. ಪಕ್ಕದ ಮನೆಯವರದ್ದನ್ನು ಓದಬೇಕಾದರೆ ಮಾತ್ರ ಬಾಹ್ಯಾಕಾಶಕ್ಕೇ ಹೋಗಬೇಕು!

ಗ್ಯಾಲಕ್ಸಿಯ ಸುತ್ತ ಇಂಥ ಅನಿಲ ಇದೆಯೆಂದು ಅಮೆರಿಕದ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್ 1956ರಲ್ಲೇ ಊಹಿಸಿದ್ದರು. ಕ್ಷೀರಪಥದ ತಟ್ಟೆಯಿಂದ ಬಹಳ ಮೇಲೆ ತಣ್ಣನೆಯ ಅನಿಲದ ಮೋಡಗಳು ಚದುರದೆ ನಿಂತಿದ್ದವು. ಸುತ್ತ ಬಿಸಿ ಅನಿಲ ಒತ್ತಿ ಹಿಡಿದಿರಬೇಕು ಎಂದರು ಅವರು. ಬಾಹ್ಯಾಕಾಶದಲ್ಲಿ ದೂರದರ್ಶಕ ಬೇಕೆಂದು 1946ರಲ್ಲಿ ವಾದಿಸಿದವರೂ ಅವರೇ. ಆ ಕನಸಿನಿಂದ ಬಂದ ಹಬಲ್‌ಗೆ 2009ರಲ್ಲಿ ಗಗನಯಾತ್ರಿಗಳು ನೇರಳಾತೀತ ಬೆಳಕನ್ನು ಬಿಡಿಸಿ ನೋಡುವ ಕಾಸ್ಮಿಕ್ ಒರಿಜಿನ್ಸ್ ಸ್ಪೆಕ್ಟ್ರೋಗ್ರಾಫ್ ಜೋಡಿಸಿದರು. ಅದಕ್ಕೆ ಜಾಗ ಮಾಡಲು ಹಬಲ್‌ನ ದೃಷ್ಟಿದೋಷಕ್ಕೆ ಹಿಂದೆ ಹಾಕಿದ್ದ 'ಕನ್ನಡಕ'ವನ್ನೇ ತೆಗೆದರು. ಹೊಸ ಉಪಕರಣಗಳಲ್ಲೇ ಆ ತಿದ್ದುಪಡಿ ಇತ್ತು.

ಸಾಮಾನ್ಯವಾಗಿ ಒಂದು ಗ್ಯಾಲಕ್ಸಿಯ ಹಿಂದೆ ಒಂದು ಕ್ವೇಸಾರ್ ಸಿಕ್ಕರೆ ಅದೃಷ್ಟ. ಗೋಡೆಯ ಒಂದೇ ತೂತಿನಿಂದ ಇಡೀ ಮನೆ ನೋಡಿದ ಹಾಗೆ ಅದು. ನಮ್ಮ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾ ಹತ್ತಿರವಿದ್ದು ಆಕಾಶದಲ್ಲಿ ಅಗಲವಾಗಿ ಹರಡಿರುವುದರಿಂದ ಅದರ ಹಿಂದೆ 43 ಕ್ವೇಸಾರ್‌ಗಳು ಸಿಕ್ಕವು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಅದರ ಅನಿಲ ಸುಮಾರು 13 ಲಕ್ಷ ಜ್ಯೋತಿರ್ವರ್ಷದವರೆಗೆ ಚಾಚಿದೆ. ಆಂಡ್ರೊಮಿಡಾ ಇರುವುದೇ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ!

ಆಮ್ಲಜನಕ ತಯಾರಾಗುವುದು ನಕ್ಷತ್ರಗಳ ಒಳಗೆ. ಅದು ಇಷ್ಟು ದೂರ ಹೋಗಿದೆ ಎಂದರೆ, ಒಳಗಿನಿಂದ ಯಾರೋ ಎಸೆದಿರಬೇಕು. ನಕ್ಷತ್ರಗಳ ಸ್ಫೋಟವೇ ಮುಖ್ಯ ಆರೋಪಿ. ಹಬಲ್ 40ಕ್ಕೂ ಹೆಚ್ಚು ಗ್ಯಾಲಕ್ಸಿಗಳನ್ನು ಹೀಗೆ ನೋಡಿದಾಗ, ನಕ್ಷತ್ರ ಹುಟ್ಟುತ್ತಿರುವ ಕಡೆ ಆ ಆಮ್ಲಜನಕದ ಅವಳಿ ಧಾರಾಳವಾಗಿ ಸಿಕ್ಕಿತು. ನಕ್ಷತ್ರ ಹುಟ್ಟುವುದು ನಿಂತ ಗ್ಯಾಲಕ್ಸಿಗಳಲ್ಲಿ ಅದು ಅಪರೂಪ. ಆದರೆ ಅಲ್ಲೂ ಸುತ್ತ ತಣ್ಣನೆಯ ಜಲಜನಕ ಬೇಕಾದಷ್ಟು ಬಿದ್ದಿತ್ತು. ಬಾಗಿಲಲ್ಲೇ ಇರುವ ಸರಕನ್ನು ಅವು ಏಕೆ ಒಳಗೆ ತೆಗೆದುಕೊಳ್ಳುತ್ತಿಲ್ಲ ಎಂಬ ಜಗಳ ಇನ್ನೂ ಮುಗಿದಿಲ್ಲ.