ಪ್ಯಾಚ್ ಸಿಗದಿದ್ದರೆ ಸಾಲನ್ನು ಅಳಿಸಬೇಡಿ

ಸಾಧನಕ್ಕೆ ಬೇಕಾದಂತೆ ಲಿನಕ್ಸ್ ಕಟ್ಟಿಕೊಡುವ ಯೋಕ್ಟೊದಲ್ಲಿ ಬೋರ್ಡಿಗೆ ಲಿನಕ್ಸ್ ಇಮೇಜ್ ಸಿದ್ಧಪಡಿಸುವಾಗ, ರೆಸಿಪಿಯ (ಪ್ಯಾಕೇಜನ್ನು ಹೇಗೆ ಕಟ್ಟಬೇಕೆಂದು ಹೇಳುವ ಫೈಲು) ಎಸ್‌ಆರ್‌ಸಿ-ಯುಆರ್‌ಐ ಪಟ್ಟಿಯಲ್ಲಿರುವ, ಅಂದರೆ ತರಬೇಕಾದ ಫೈಲುಗಳ ಪಟ್ಟಿಯಲ್ಲಿರುವ, ಪ್ಯಾಚ್ ಫೈಲು (ಮೂಲ ಕೋಡಿಗೆ ಹಚ್ಚುವ ತಿದ್ದುಪಡಿ) ಸಿಗಲಿಲ್ಲವೆಂದು ಯೋಕ್ಟೊದ ಬಿಲ್ಡ್ ನಡೆಸುವ ಬಿಟ್‌ಬೇಕ್ ನಿಂತುಬಿಡುವುದು ಅಪರೂಪವೇನಲ್ಲ. ರಿಲೀಸ್ ಹತ್ತಿರವಿದ್ದಾಗ ಆ ಸಾಲನ್ನೇ ಅಳಿಸಿ ಮುಂದೆ ಹೋಗುವ ಆಸೆ ಸಹಜ. ಆದರೆ ಆ ಪ್ಯಾಚ್ ಭದ್ರತಾ ದೋಷವೊಂದರ ತಿದ್ದುಪಡಿಯಾಗಿದ್ದರೆ, ಅದಿಲ್ಲದೆಯೂ ಕೋಡ್ ಸಲೀಸಾಗಿ ಕಂಪೈಲ್ ಆಗುತ್ತದೆ. ಕೊರತೆ ಬಯಲಾಗುವುದು ಸಾಧನ ಗ್ರಾಹಕರ ಕೈಸೇರಿದ ಮೇಲೆ. ಹಾಗಾಗಿ ಕಾರಣ ಬರೆಯದೆ ಇಂಥ ಸಾಲನ್ನು ತೆಗೆದ ಬದಲಾವಣೆಯನ್ನು ನಾನು ರಿವ್ಯೂನಲ್ಲಿ ಒಪ್ಪುವುದಿಲ್ಲ.

ಫೈಲು ನಿಜವಾಗಿಯೂ ಇಲ್ಲವೋ, ಅಥವಾ ಹುಡುಕಾಟ ಬೇರೆಡೆ ನಡೆದಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ರೆಸಿಪಿ ಇರುವ ಡೈರೆಕ್ಟರಿಯೊಳಗೆ ಪ್ಯಾಕೇಜಿನ ಹೆಸರು ಮತ್ತು ಆವೃತ್ತಿ ಸೇರಿದ ಫೋಲ್ಡರ್, ಬರೀ ಹೆಸರಿನ ಫೋಲ್ಡರ್, 'ಫೈಲ್ಸ್' ಎಂಬ ಫೋಲ್ಡರ್, ಇವನ್ನು ಬಿಟ್‌ಬೇಕ್ ತಾನಾಗಿಯೇ ನೋಡುತ್ತದೆ. ನಮ್ಮ ಲೇಯರಿನ (ರೆಸಿಪಿಗಳ ಸಂಗ್ರಹ) ಬಿಬಿ-ಅಪೆಂಡ್ (ಮೂಲ ರೆಸಿಪಿಗೆ ಸೇರ್ಪಡೆ ಮಾಡುವ ಫೈಲು) ಪಕ್ಕದಲ್ಲಿಟ್ಟ ಫೋಲ್ಡರನ್ನು ಮಾತ್ರ ಫೈಲ್ಸ್‌ಎಕ್ಸ್‌ಟ್ರಾಪಾತ್ಸ್ ಎಂಬ ವೇರಿಯಬಲ್ ಮೂಲಕ ನಾವೇ ತಿಳಿಸಬೇಕು. ಅಲ್ಲಿ ಬರಿಯ ಸಮಚಿಹ್ನೆಯ ಬದಲು ಕೋಲನ್ ಕೂಡಿದ ಸಮಚಿಹ್ನೆಯೇ (:=) ಬೇಕು, ಏಕೆಂದರೆ 'ಈ ಫೈಲಿರುವ ಡೈರೆಕ್ಟರಿ' ಎಂಬರ್ಥದ 'ದಿಸ್‌ಡಿರ್' ಆ ಸಾಲನ್ನು ಓದುವ ಕ್ಷಣದಲ್ಲೇ ನಿಜವಾದ ದಾರಿಯಾಗಿ ವಿಸ್ತರಣೆಯಾಗದಿದ್ದರೆ ಕೊನೆಗೆ ಮೂಲ ರೆಸಿಪಿಯ ಡೈರೆಕ್ಟರಿಯನ್ನೇ ತೋರಿಸುತ್ತದೆ. ದಾರಿಯ ಕೊನೆಯಲ್ಲಿ ಇನ್ನೊಂದು ಕೋಲನ್ ಬಿಟ್ಟುಹೋದರೂ ಪಕ್ಕದ ದಾರಿಯೊಂದಿಗೆ ಅಂಟಿಕೊಂಡು ಎರಡೂ ಕೆಡುತ್ತವೆ. ಬಿಟ್‌ಬೇಕ್‌ಗೆ '-ಇ' ಆಯ್ಕೆ ಕೊಟ್ಟು, ಹುಡುಕುವ ದಾರಿಗಳ ಪಟ್ಟಿಯಾದ ಫೈಲ್ಸ್‌ಪಾತ್ ಮೌಲ್ಯವನ್ನು ನೋಡಿದರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ.

ಡೆವಲಪರ್‌ನ ಯಂತ್ರದಲ್ಲಿ ಬಿಲ್ಡ್ ಆಗಿ ಸರ್ವರಿನಲ್ಲಿ ಆಗದಿದ್ದರೆ, ಯಾವ ಫೈಲುಗಳನ್ನು ಬಿಡಬೇಕೆಂದು ಗಿಟ್‌ಗೆ ಹೇಳುವ ಗಿಟ್‌ಇಗ್ನೋರ್ ಕಡೆ ನೋಡಿ. ಲಿನಕ್ಸ್ ಕರ್ನಲ್ಲಿನ ಗಿಟ್‌ಇಗ್ನೋರ್ ಫೈಲಿನಲ್ಲೇ ಎಲ್ಲ ಡಾಟ್-ಪ್ಯಾಚ್ ಫೈಲುಗಳನ್ನೂ ಕಡೆಗಣಿಸುವ ಸಾಲಿದೆ. ಅದನ್ನು ನಕಲಿಸಿಕೊಂಡ ರೆಪೊದಲ್ಲಿ ಪ್ಯಾಚ್ ಕಮಿಟ್ ಆಗಿರುವುದೇ ಇಲ್ಲ.

ಇಷ್ಟಾದರೂ ಬಿಲ್ಡ್ ನಿಲ್ಲುವುದು ಒಳ್ಳೆಯದೇ. ನನಗೆ ಹೆಚ್ಚು ಭಯವಿರುವುದು ಸದ್ದಿಲ್ಲದೆ ತಪ್ಪಿಹೋಗುವ ಪ್ಯಾಚ್‌ಗಳ ಬಗ್ಗೆ. ಹೆಸರಿನ ಕೊನೆಯಲ್ಲಿ ಡಾಟ್-ಪ್ಯಾಚ್ ಅಥವಾ ಡಾಟ್-ಡಿಫ್ ಇಲ್ಲದ ಫೈಲನ್ನು, 'ಅಪ್ಲೈ' ಎಂದು ಪ್ರತ್ಯೇಕವಾಗಿ ಹೇಳದಿದ್ದರೆ, ಯೋಕ್ಟೊ ತಂದಿಡುತ್ತದೆಯೇ ಹೊರತು ಹಚ್ಚುವುದಿಲ್ಲ. ನಿರ್ದಿಷ್ಟ ಬೋರ್ಡಿಗೆ ಮಾತ್ರ ಅನ್ವಯಿಸುವ, ಮಷೀನ್ ಹೆಸರಿನ ಓವರ್‌ರೈಡ್‌ನಲ್ಲಿ ಒಂದಕ್ಷರ ತಪ್ಪಿದರೂ ಎಚ್ಚರಿಕೆ ಬರುವುದಿಲ್ಲ. ಬಿಲ್ಡ್‌ರೂಟ್ ಎಂಬ ಯೋಕ್ಟೊದಂಥದೇ ಉಪಕರಣ ಈ ವಿಷಯದಲ್ಲಿ ಇನ್ನೂ ಮೌನಿ: ಗ್ಲೋಬಲ್ ಪ್ಯಾಚ್ ಡೈರೆಕ್ಟರಿಯಲ್ಲಿ ಪ್ಯಾಕೇಜಿನ ಆವೃತ್ತಿಯ ಹೆಸರಿನ ಫೋಲ್ಡರಿನಲ್ಲಿ ಪ್ಯಾಚ್ ಇಟ್ಟಿದ್ದು, ಮುಂದೆ ಆವೃತ್ತಿ ಏರಿಸಿದವರು ಫೋಲ್ಡರಿನ ಹೆಸರು ಬದಲಿಸಲು ಮರೆತರೆ, ಪ್ಯಾಚ್ ಇಲ್ಲದ ಇಮೇಜೇ ಯಾವ ದೂರೂ ಇಲ್ಲದೆ ತಯಾರಾಗುತ್ತದೆ. ಆದ್ದರಿಂದ ಮುಖ್ಯವಾದ ಪ್ಯಾಚ್‌ಗಳ ಮಟ್ಟಿಗೆ ಬಿಲ್ಡ್ ಮುಗಿದಿದ್ದನ್ನೇ ನಂಬದೆ, ಪ್ಯಾಚ್ ಹಂತ ಮುಗಿದ ಸೋರ್ಸಿನಲ್ಲಿ ಬದಲಾದ ಸಾಲನ್ನೇ ಗ್ರೆಪ್ ಮಾಡಿ (ಹುಡುಕಿ) ನೋಡುವ ಪರೀಕ್ಷೆಯೊಂದನ್ನು ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ನಡೆಯುವ ಬಿಲ್ಡ್ ಮತ್ತು ಪರೀಕ್ಷೆಯ ವ್ಯವಸ್ಥೆ) ಸೇರಿಸುವುದು ಲೇಸು.

ಫೈಲು ನಿಜಕ್ಕೂ ಕಳೆದುಹೋಗಿದ್ದರೆ ಹಳೆಯ ಬಿಲ್ಡಿನ ವರ್ಕ್ ಡೈರೆಕ್ಟರಿ ಮತ್ತು ಲೇಯರಿನ ಗಿಟ್ ಇತಿಹಾಸದಲ್ಲಿ ಹುಡುಕಿ. ಸಿಕ್ಕ ಪ್ಯಾಚಿನ ತಲೆಯಲ್ಲಿ 'ಅಪ್‌ಸ್ಟ್ರೀಮ್-ಸ್ಟೇಟಸ್: ಬ್ಯಾಕ್‌ಪೋರ್ಟ್' (ಮೂಲ ಯೋಜನೆಯ ಹೊಸ ಕೋಡಿನಿಂದ ತಂದದ್ದು) ಎಂದಿದ್ದು, ಅದೇ ತಿದ್ದುಪಡಿ ಹೊಸ ಆವೃತ್ತಿಯಲ್ಲಿ ಈಗಾಗಲೇ ಸೇರಿದ್ದರೆ, ಮೂಲ ಕಮಿಟ್‌ನ ಹ್ಯಾಶನ್ನು (ಗುರುತಿನ ಸಂಕೇತ) ನಮ್ಮ ಕಮಿಟ್ ಸಂದೇಶದಲ್ಲಿ ನಮೂದಿಸಿ ಆ ಸಾಲನ್ನು ಧೈರ್ಯವಾಗಿ ಅಳಿಸಬಹುದು.