ಮನೆಯಲ್ಲಿ ಹುಟ್ಟಿದ ಮಗುವಿಗೆ ಆಸ್ಪತ್ರೆ ಹುಡುಕಬೇಡಿ

ಮನೆಯಲ್ಲಿ ಹೆರಿಗೆಯಾದರೆ ಕೇಸು ಬೀಳುತ್ತದೆ ಎಂದು ನಮ್ಮ ಘಟ್ಟದ ಜನಕ್ಕೆ ಯಾರು ಹೇಳಿಕೊಟ್ಟರೋ! ಅದನ್ನು ಅಪರಾಧ ಎನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಹುಟ್ಟಿದ್ದನ್ನು 21 ದಿನದೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕು, ಅಷ್ಟೆ. ಆಸ್ಪತ್ರೆಯಾದರೆ ಅವರೇ ತಿಳಿಸುತ್ತಾರೆ; ಮನೆಯಾದರೆ ಆ ಹೊಣೆ ಮನೆಯ ಯಜಮಾನರದ್ದು.

ಹೆದರಿದವರು ಸುಮ್ಮನಿದ್ದುಬಿಡುತ್ತಾರೆ. ಇನ್ನು ಕೆಲವರು ಶಿರಸಿಯ ನನ್ನ ಕಚೇರಿಗೆ ಬಂದು, "ಯಾವ್ದಾದ್ರೂ ಆಸ್ಪತ್ರೆ ಹೆಸ್ರು ಹಾಕ್ಸಿಕೊಡಿ ವಕೀಲ್ರೇ" ಎನ್ನುತ್ತಾರೆ. ಮಾರಾಯ್ರೇ, ಮನೆ ಹೆರಿಗೆ ತಪ್ಪಲ್ಲ, ಸುಳ್ಳು ಬರೆಸುವುದು ತಪ್ಪು! ಜನನ ನೋಂದಣಿಯ ಅರ್ಜಿಯನ್ನೇ ಒಮ್ಮೆ ಓದಿ. ಹುಟ್ಟಿದ ಸ್ಥಳ ಎಂಬಲ್ಲಿ ಆಸ್ಪತ್ರೆಯ ಜೊತೆಗೆ ಮನೆ ಎಂದೂ ಇದೆ. ಹೆರಿಗೆ ಮಾಡಿಸಿದವರು ಯಾರು ಎಂಬಲ್ಲಿ ಡಾಕ್ಟರು, ನರ್ಸುಗಳ ಕೆಳಗೆ ಸೂಲಗಿತ್ತಿಗೂ ಸಂಬಂಧಿಕರಿಗೂ ಜಾಗವಿದೆ. ಸರ್ಕಾರದ್ದೇ ನಮೂನೆ ಅದು. ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟದ್ದೂ ಸರ್ಕಾರವೇ.

ಯಲ್ಲಾಪುರ ಕಡೆಯ ಅಜ್ಜಿಯೊಬ್ಬರು ಮೊಮ್ಮಗನ ವಿಷಯಕ್ಕೆ ಬಂದಿದ್ದರು. ಹಳ್ಳ ತುಂಬಿ 108 ಆಚೆ ದಡದಲ್ಲೇ ನಿಂತಿದ್ದರಿಂದ ಹೆರಿಗೆ ಅಜ್ಜಿಯ ಕೈಯಲ್ಲೇ ಆಗಿತ್ತು. ಶಾಲೆಗೆ ಸೇರಿಸುವ ತನಕ ಯಾರೂ ಬರೆಸಿರಲಿಲ್ಲ. ತಾರೀಖು ಕೇಳಿದರೆ ಮಗ "ಜೂನ್ 1 ಹಾಕಿ" ಎಂದ. (ನಮ್ಮ ಶಾಲೆಗಳ ದಾಖಲೆ ನೋಡಿದರೆ ಅರ್ಧ ಊರು ಆವತ್ತೇ ಹುಟ್ಟಿದೆ.) ಅಜ್ಜಿ ಅವನನ್ನು ಗದರಿಸಿ, "ಚೌತಿ ಹಿಂದಿನ ದಿನ, ನಾ ಕಾಯಿ ತುರೀತಾ ಇದ್ದೆ" ಎಂದರು. ಹಳೇ ಪಂಚಾಂಗ ತೆಗೆದು ನೋಡಿದೆವು. ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ಬರೆದಿಟ್ಟಿದ್ದ ತಾರೀಖೂ ಅದೇ! ಆ ಕಾರ್ಡು ಇಲ್ಲದಿದ್ದರೆ ಇನ್ನೆಷ್ಟು ಅಲೆಯಬೇಕಿತ್ತೋ.

30 ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮೊದಲು ಕೋರ್ಟಿಗೆ ಬರಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಸಾಕು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಲೈಸೆನ್ಸು, ಮತದಾರರ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಜೂನ್ 1ರ ಆಟ ಇನ್ನು ನಡೆಯುವುದಿಲ್ಲ.

ಮನೆಯಲ್ಲೇ ಹೆರಿಗೆ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಅದು ಡಾಕ್ಟರನ್ನು ಕೇಳಬೇಕಾದ ಮಾತು. ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯವಾದರೆ ಬೇರೆಯೇ ಕಾನೂನು ಬರುತ್ತದೆ.

ನಾಮಕರಣದ ತನಕ ಕಾಯುವುದೂ ಬೇಡ. ಹೆಸರನ್ನು ಆಮೇಲೆ ಸೇರಿಸಬಹುದು. ತವರಲ್ಲಿ ಹುಟ್ಟಿದ ಮಗುವನ್ನು ಮಾತ್ರ ತವರೂರಿನಲ್ಲೇ ಬರೆಸಿ, ಗಂಡನ ಊರಿನಲ್ಲಲ್ಲ.