ಪಂಚಾಯಿತಿ ಯೋಜನೆ ಓದುವ ಬಗೆ: ಕೂಲಿ, ಮನೆ, ಕೌಶಲ ಒಂದೇ ಹಾಳೆಯಲ್ಲಿ

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿರುವವರಿಗೂ ಹೊಸದಾಗಿ ಗೆದ್ದು ಬಂದ ಸದಸ್ಯರಿಗೂ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಎಂದರೆ ಮೊದಲು ನೆನಪಾಗುವುದು ರಸ್ತೆ, ಚರಂಡಿ, ಬೀದಿದೀಪ. ಸಂವಿಧಾನದ ಮಾತು ಬೇರೆಯೇ ಇದೆ. 243ಜಿ ವಿಧಿ ಕೇಳುವುದು ‘ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ’ದ ಯೋಜನೆಯನ್ನು. 11ನೇ ಅನುಸೂಚಿಯ 29 ವಿಷಯಗಳಲ್ಲಿ ಗ್ರಾಮೀಣ ವಸತಿ 10ನೆಯದು, ಬಡತನ ನಿವಾರಣೆ 16ನೆಯದು, ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣ 18ನೆಯದು. ಈ ಮೂರನ್ನು ಬೇರೆ ಬೇರೆ ಕಡತದಲ್ಲಿ ಇಟ್ಟರೆ ಜನರ ಕೈಗೆ ಬರಬೇಕಾದ ದುಡ್ಡು ಎಲ್ಲಿ ತಪ್ಪಿಹೋಗುತ್ತದೆ ಎಂಬುದನ್ನು ಈ ಟಿಪ್ಪಣಿಯಲ್ಲಿ ಲೆಕ್ಕ ಹಾಕಿ ನೋಡೋಣ. ದರ, ನಿಯಮಗಳೆಲ್ಲ 2024-25ನೇ ಸಾಲಿನವು. ನರೇಗಾ (ಗ್ರಾಮೀಣ ಉದ್ಯೋಗ ಖಾತ್ರಿ) ಕಾಯ್ದೆಯ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಅಂಗೀಕಾರವಾಗಿದೆ; ಹಾಗಾಗಿ ಆಮೇಲಿನ ವರ್ಷಕ್ಕೆ ಅಂಕಿಯನ್ನೂ ನಿಯಮವನ್ನೂ ನೋಡಿ ಬದಲಿಸಿಕೊಳ್ಳಿ.

ಮೊದಲು ಕೈಯಲ್ಲಿರುವ ಹಣ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಾದ ಹಣ: ಶೇ 30 ಕುಡಿಯುವ ನೀರಿಗೆ, ಶೇ 30 ನೈರ್ಮಲ್ಯಕ್ಕೆ. ಉಳಿದ ಶೇ 40 ಮುಕ್ತ ಅನುದಾನ. ಸಂಬಳ, ಕಚೇರಿ ಖರ್ಚಿಗೆ ಇದನ್ನು ಮುಟ್ಟುವಂತಿಲ್ಲ. 30 ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳಿ: 9 ಲಕ್ಷ ನೀರಿಗೆ, 9 ಲಕ್ಷ ನೈರ್ಮಲ್ಯಕ್ಕೆ, 12 ಲಕ್ಷ ಊರಿನ ಇಷ್ಟಕ್ಕೆ. ಸಾಮಾನ್ಯವಾಗಿ ಆ 12 ಲಕ್ಷವನ್ನು ವಾರ್ಡಿಗಿಷ್ಟು ಎಂದು ಸದಸ್ಯರ ನಡುವೆ ಸಮನಾಗಿ ಹಂಚಿಬಿಡುತ್ತಾರೆ. ಆಗ ಪ್ರತಿ ವಾರ್ಡಿಗೂ ಒಂದು ತುಂಡು ಚರಂಡಿ ಸಿಗುತ್ತದೆಯೇ ಹೊರತು ನಾಲ್ಕು ಊರಿಗೂ ದುಡಿಮೆ ತರಬಲ್ಲ ಸಂತೆ ಕಟ್ಟೆಯಂಥ ಕೆಲಸಕ್ಕೆ ಕಾಸು ಉಳಿಯುವುದಿಲ್ಲ. ಯೋಜನೆ ಸೊರಗುವ ಮೊದಲ ಜಾಗ ಇದೇ.

ಇನ್ನು ಕೂಲಿ. ನರೇಗಾದಲ್ಲಿ ಕೂಲಿಗೆ ಕನಿಷ್ಠ 60, ಸಾಮಗ್ರಿಗೆ ಗರಿಷ್ಠ 40 ಎಂಬುದು ಎಲ್ಲರಿಗೂ ಬಾಯಿಪಾಠ. ಎಡವುವುದು ಎರಡು ಕಡೆ. ಒಂದು, ಗಾರೆ ಕೆಲಸದವರಂಥ ಕುಶಲ, ಅರೆಕುಶಲ ಕೆಲಸಗಾರರ ಕೂಲಿಯೂ ಸಾಮಗ್ರಿಯ ಲೆಕ್ಕಕ್ಕೇ ಸೇರುತ್ತದೆ. ಎರಡು, ಅನುಪಾತ ನೋಡುವುದು ಒಂದೊಂದು ಕಾಮಗಾರಿಗಲ್ಲ, ಒಟ್ಟು ಮೊತ್ತಕ್ಕೆ. ಉದಾಹರಣೆಗೆ 10 ಲಕ್ಷದ ಒಂದು ಕಾಂಕ್ರೀಟ್ ರಸ್ತೆ, ಅದರಲ್ಲಿ ಕೂಲಿ 2 ಲಕ್ಷ, ಸಾಮಗ್ರಿ 8 ಲಕ್ಷ ಎನ್ನಿ. 8 ಲಕ್ಷವು ಶೇ 40 ಆಗಬೇಕಾದರೆ ಕೂಲಿ 12 ಲಕ್ಷ ಇರಬೇಕು. ಅಂದರೆ ಇನ್ನೂ 10 ಲಕ್ಷದ ಕೂಲಿ ಕೆಲಸ ಹುಡುಕಬೇಕು. ದಿನಗೂಲಿ 349 ರೂಪಾಯಿಯಂತೆ ಅದು ಸುಮಾರು 2,865 ಮಾನವ ದಿನ (ಒಬ್ಬರ ಒಂದು ದಿನದ ದುಡಿಮೆ ಒಂದು ಮಾನವ ದಿನ); 40 ಜನ ದುಡಿದರೆ 72 ದಿನದ ಕೆಲಸ. ಕೆರೆ ಹೂಳು, ಬದು, ಕೃಷಿ ಹೊಂಡಗಳನ್ನು ಮೊದಲೇ ಕ್ರಿಯಾ ಯೋಜನೆಯಲ್ಲಿ ಬರೆದಿಟ್ಟ ಪಂಚಾಯಿತಿಗೆ ಈ ರಸ್ತೆ ಸಲೀಸು. ಬರೆದಿಡದಿದ್ದರೆ ರಸ್ತೆಯೇನೋ ಆಗುತ್ತದೆ, ಸಾಮಗ್ರಿ ಬಿಲ್ ಮಾತ್ರ ಬಾಕಿ ಬೀಳುತ್ತದೆ.

ಕೆಲಸ ಕೇಳುವವರ ಕಡೆಯಿಂದಲೂ ನೋಡಬೇಕು. ನಮೂನೆ-6ರಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿ ದರದ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಬಾಯಿಮಾತಿನಲ್ಲಿ ‘ಕೆಲಸ ಇದ್ರೆ ಹೇಳಿ ಸಾರ್’ ಎಂದು ಹೋದವರಿಗೆ ಈ ಹಕ್ಕು ಸಿಗುವುದೇ ಇಲ್ಲ, ಏಕೆಂದರೆ 15 ದಿನ ಎಣಿಸಲು ತಾರೀಖು ಇರುವುದಿಲ್ಲ. ತಾರೀಖು ಹಾಕಿದ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಆ ಒಂದು ಅಂಗೈ ಅಗಲದ ಚೀಟಿಯೇ ಇಡೀ ಕಾಯ್ದೆಯ ಬಲ.

ಕೂಲಿಯ ಲೆಕ್ಕ ಮನೆಯ ಲೆಕ್ಕಕ್ಕೆ ಕೂಡುವುದು ಇಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆ-ಗ್ರಾಮೀಣದಲ್ಲಿ ಬಯಲುಸೀಮೆಯ ಮನೆಗೆ ಸಹಾಯಧನ 1,20,000 ರೂಪಾಯಿ. ಮನೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಫಲಾನುಭವಿಯ ಕುಟುಂಬ ತನ್ನ ಮನೆಗೆ ತಾನೇ ದುಡಿದರೆ ನರೇಗಾದಡಿ 90 ದಿನದ ಕೂಲಿ, 31,410 ರೂಪಾಯಿ. ಅರ್ಹರಿಗೆ ಸ್ವಚ್ಛ ಭಾರತ್‌ನಿಂದ ಶೌಚಾಲಯಕ್ಕೆ 12,000. ಮೂರೂ ಸೇರಿ 1,63,410. ಒಂದೇ ಮನೆ, ಮೂರು ಕಡತ. ಜಾಬ್ ಕಾರ್ಡ್ ಇಲ್ಲದಿದ್ದರೆ, ಅಥವಾ ಮನೆಯ ನೋಂದಣಿ ಸಂಖ್ಯೆಯ ಮೇಲೆ ನರೇಗಾ ಕಾಮಗಾರಿ ತೆರೆಯದಿದ್ದರೆ, ಆ 31,410 ಬರುವುದಿಲ್ಲ. ಗೋಡೆ ಎದ್ದು ಛಾವಣಿ ಹಾಕಿದ ಮೇಲೆ ಹಳೆಯ ದಿನಗಳಿಗೆ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ತೆಗೆಯಲು ಬರುವುದಿಲ್ಲ. ಹಾಗಾಗಿ ಆದೇಶ ಪತ್ರ ಕೊಡುವ ದಿನವೇ ಜಾಬ್ ಕಾರ್ಡ್ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಕಾಮಗಾರಿ ಸಂಖ್ಯೆ ಬಂದಿದೆಯೇ ಎಂದು ನೋಡಿಬಿಡಬೇಕು. ಸಾಲ ಮಾಡಿ ಮನೆ ಕಟ್ಟುವ ಕುಟುಂಬಕ್ಕೆ ಆ ಮೊತ್ತ ಎಂದರೆ ಬಾಗಿಲು, ಕಿಟಕಿ, ಕರೆಂಟಿನ ವೈರಿಂಗ್.

ನಿವೇಶನ ಇಲ್ಲದವರ ಪಟ್ಟಿಯನ್ನು ಬೇರೆಯೇ ಮಾಡಬೇಕು. ಅವರ ಕೆಲಸ ಮನೆಯಿಂದಲ್ಲ, ಜಮೀನಿನಿಂದ ಶುರು: ಸರ್ಕಾರಿ ಜಾಗ ಗುರುತಿಸುವುದು, ಕಂದಾಯ ಇಲಾಖೆಯಿಂದ ಪಡೆಯುವುದು, ಬಡಾವಣೆ ನಕ್ಷೆ, ಹಂಚಿಕೆ. ಇದು ಒಂದು ವರ್ಷದ ಯೋಜನೆಗೆ ದಕ್ಕುವ ಮಾತಲ್ಲ. ನಿವೇಶನ ಇರುವವರನ್ನೂ ಇಲ್ಲದವರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ, ಜಾಗ ಇಲ್ಲದವರ ಹೆಸರಿಗೆ ಮನೆ ಮಂಜೂರಾಗಿ ತಳಪಾಯವೇ ಬೀಳದೆ ಉಳಿಯುತ್ತದೆ.

ಕೌಶಲದ ವಿಷಯದಲ್ಲಿ ಹೆಚ್ಚಿನ ಯೋಜನೆಗಳು ‘ಯುವಕರಿಗೆ ತರಬೇತಿ’ ಎಂದು ಒಂದು ಸಾಲು ಬರೆದು ಮುಗಿಸುತ್ತವೆ. ಆ ಸಾಲಿಗೆ ಅರ್ಥ ಬರಬೇಕಾದರೆ ಕೆಲಸವನ್ನು ಮೊದಲು ಹುಡುಕಿ, ತರಬೇತಿಯನ್ನು ಅದಕ್ಕೆ ತಕ್ಕಂತೆ ಹಿಂದಿನಿಂದ ಲೆಕ್ಕ ಹಾಕಬೇಕು. ಕಸದ ವಾಹನವನ್ನೇ ನೋಡಿ. ಕರ್ನಾಟಕದ ಬಹಳಷ್ಟು ಪಂಚಾಯಿತಿಗಳಲ್ಲಿ ‘ಸ್ವಚ್ಛ ವಾಹಿನಿ’ಯನ್ನು ಸಂಜೀವಿನಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಚಾಲಕಿಗೆ ಮೊದಲು ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಬೇಕು. ಅದು ಸಿಕ್ಕಿ 30 ದಿನ ಕಳೆದ ಮೇಲಷ್ಟೇ ಡಿಎಲ್ ಪರೀಕ್ಷೆ. ಒಂದು ಸಲ ಫೇಲಾಗುವ ಸಾಧ್ಯತೆಯನ್ನೂ ಸೇರಿಸಿದರೆ ವಾಹನ ಬರುವ ಕನಿಷ್ಠ ಮೂರು ತಿಂಗಳು ಮೊದಲೇ ಹೆಸರು ಆಯ್ಕೆಯಾಗಿರಬೇಕು. ಒಬ್ಬರನ್ನಲ್ಲ, ಇಬ್ಬರನ್ನು ಕಳಿಸಿ. ಒಬ್ಬರಿಗೆ ಹುಷಾರಿಲ್ಲದ ದಿನ ಕಸ ಮನೆಬಾಗಿಲಲ್ಲೇ ಕೊಳೆಯಬಾರದು. ಇದನ್ನು ಮರೆತ ಕಡೆ ಹೊಸ ಗಾಡಿ ಪಂಚಾಯಿತಿ ಕಚೇರಿಯ ಪಕ್ಕ ಧೂಳು ಹಿಡಿದು ನಿಂತಿರುತ್ತದೆ.

ತರಬೇತಿಗೆ ಬ್ಯಾಂಕ್‌ಗಳ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಇದೆ, ಊಟ ವಸತಿ ಸಮೇತ ಉಚಿತ. ಈ ಮಾದರಿ ಹುಟ್ಟಿದ್ದೇ ನಮ್ಮ ಉಜಿರೆಯಲ್ಲಿ, 1982ರ ರುಡ್‌ಸೆಟ್ ಸಂಸ್ಥೆಯಿಂದ. ಇನ್ನೊಂದು ದಾರಿ ‘ಉನ್ನತಿ’: ನರೇಗಾದಲ್ಲಿ 100 ದಿನ ಪೂರೈಸಿದ ಕುಟುಂಬದ 18ರಿಂದ 45 ವಯಸ್ಸಿನ ಒಬ್ಬರಿಗೆ ತರಬೇತಿ. 100 ದಿನ ಮುಗಿಸಿದ ಕುಟುಂಬಗಳ ಪಟ್ಟಿ ಪಂಚಾಯಿತಿಯ ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ಮುದ್ರಿಸಿ ಗ್ರಾಮ ಸಭೆಯಲ್ಲಿ ಹೆಸರು ಓದಿದರೆ ಸಾಕು, ಫಲಾನುಭವಿಗಳನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಟೈಲರಿಂಗ್ ಕಲಿತು ಬಂದವರಿಗೆ ಕೂತು ಹೊಲಿಯಲು ಜಾಗ ಬೇಕೆಂದರೆ, ಸ್ವಸಹಾಯ ಸಂಘಗಳ ಸಾಮೂಹಿಕ ಕಾರ್ಯಾಗಾರ ಕಟ್ಟಲು ನರೇಗಾದಲ್ಲೇ ಅವಕಾಶವಿದೆ. ಅದು ಸಾಮಗ್ರಿ ಹೆಚ್ಚು ತಿನ್ನುವ ಕೆಲಸ, ಮೇಲಿನ 60:40ರ ಲೆಕ್ಕವನ್ನು ಅದಕ್ಕೂ ಹಾಕಿ.

ಸಂಘಗಳು ತಾವೇ ಮನೆಮನೆ ಸುತ್ತಿ ‘ಗ್ರಾಮ ಬಡತನ ನಿವಾರಣಾ ಯೋಜನೆ’ ತಯಾರಿಸುತ್ತವೆ. ಯಾರಿಗೆ ಪಿಂಚಣಿ ಇಲ್ಲ, ಯಾರಿಗೆ ಜಾಬ್ ಕಾರ್ಡ್ ಇಲ್ಲ, ಯಾರಿಗೆ ಯಾವ ಕಸುಬು ಕಲಿಯುವ ಆಸೆ ಎಂಬುದೆಲ್ಲ ಅದರಲ್ಲಿರುತ್ತದೆ. ಅಕ್ಟೋಬರ್ 2ರ ಸುಮಾರಿಗೆ ಶುರುವಾಗುವ ಪಂಚಾಯಿತಿ ಯೋಜನೆಯ ಸಭೆಗಳಿಗೆ ಮುಂಚೆಯೇ ಅದು ಪಂಚಾಯಿತಿ ಕೈಸೇರಬೇಕು. ಸಭೆ ಮುಗಿದ ಮೇಲೆ ಕೊಟ್ಟರೆ ಕಡತಕ್ಕೆ ಸೇರುತ್ತದೆ, ಯೋಜನೆಗೆ ಸೇರುವುದಿಲ್ಲ.

ಓದುವವರಿಗೆ ಒಂದು ಅಭ್ಯಾಸ: ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಯೋಜನೆ ತೆರೆಯಿರಿ. ಪ್ರತಿ ಕಾಮಗಾರಿಯ ಮುಂದೆ ಮೂರು ಪ್ರಶ್ನೆ ಬರೆಯಿರಿ: ಹಣ ಯಾವ ಮೂಲದ್ದು, ಅದರಲ್ಲಿ ಕೂಲಿ ಎಷ್ಟು, ಮುಗಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು. ಮೂರನೆಯದಕ್ಕೆ ಉತ್ತರ ಸಿಗದ ಕಾಮಗಾರಿಗಳನ್ನು ಗುರುತು ಹಾಕಿಕೊಂಡು ಮುಂದಿನ ವಾರ್ಡ್ ಸಭೆಗೆ ಹೋಗಿ, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂತಿರಿ.